ದೇವಣಿಯ ತೊಗರಿಗೆ ದಿಲ್ಲಿಯ ಅಧಿಸೂಚನೆ

2017ರ ಮಾರ್ಚ್ 31ರಂದು ದೇಶದ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿ ಮುಗಿಯಿತು. ಹದಿಮೂರನೆಯದು ಬರಲಿಲ್ಲ. 1951ರಿಂದ ನಡೆದುಬಂದ ಒಂದು ಪದ್ಧತಿ ಸದ್ದಿಲ್ಲದೆ ನಿಂತುಹೋದ ಆ ವಾರಗಳಲ್ಲೇ ಮರಾಠವಾಡದ ಖರೀದಿ ಕೇಂದ್ರಗಳ ಮುಂದೆ ತೊಗರಿ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ತೂಕ ಆಗಬೇಕು, ತುಂಬಲು ಬಾರದಾನ ಇಲ್ಲ. ಬಾರದಾನ ಬಂದರೆ ಇಡಲು ಗೋದಾಮಿನಲ್ಲಿ ಜಾಗ ಇಲ್ಲ. ಏಪ್ರಿಲ್ 22ಕ್ಕೆ ಖರೀದಿಯನ್ನೇ ನಿಲ್ಲಿಸಲಾಯಿತು. ರೈತರು ಸಿಟ್ಟಿಗೆದ್ದ ಮೇಲೆ, ಅಂದಿನವರೆಗೆ ಕೇಂದ್ರಕ್ಕೆ ಬಂದು ನಿಂತ ಮಾಲನ್ನು ಕೊಳ್ಳುವುದಾಗಿ ಮಹಾರಾಷ್ಟ್ರ ಸರ್ಕಾರ ಹೇಳಿತು. ಮನೆಯಲ್ಲೇ ಚೀಲ ಇಟ್ಟುಕೊಂಡು ತನ್ನ ಸರದಿ ಕಾಯುತ್ತಿದ್ದವನ ಪಾಡು ಏನೆಂದು ಆ ಹೊತ್ತಿಗೆ ಯಾರೂ ಸ್ಪಷ್ಟವಾಗಿ ಹೇಳಲಿಲ್ಲ.

ಈ ಎರಡು ಸಂಗತಿಗಳು ಒಂದೇ ಸಮಯಕ್ಕೆ ಕೂಡಿಬಂದದ್ದು ಆಕಸ್ಮಿಕವೇ ಇರಬಹುದು. ಆದರೂ ಅವನ್ನು ಒಟ್ಟಿಗೆ ಇಟ್ಟು ನೋಡಬೇಕು ಎಂಬುದು ನನ್ನ ಆಗ್ರಹ. ಯೋಜನಾ ಆಯೋಗ 2015ರ ಜನವರಿ 1ರಂದು ನೀತಿ ಆಯೋಗಕ್ಕೆ ಜಾಗ ಬಿಟ್ಟುಕೊಟ್ಟಿತು. ಹೊಸದಕ್ಕೆ ಸಲಹೆ ಕೊಡುವ ಕೆಲಸ ಉಂಟು, ರಾಜ್ಯಗಳಿಗೆ ಹಣ ಹಂಚುವ ಅಧಿಕಾರ ಇಲ್ಲ. ಯೋಜನೆಯ ಕಾಲದಲ್ಲಿ ಬೆಳೆದು ನಿಂತ ನಿಯಂತ್ರಣಗಳು ಮಾತ್ರ ಹಾಗೇ ಉಳಿದವು: ಬೆಂಬಲ ಬೆಲೆ, ದಾಸ್ತಾನಿಗೆ ಮಿತಿ, ಆಮದಿನ ಸುಂಕ, ರಫ್ತಿನ ನಿಷೇಧ. ಐದು ವರ್ಷ ಮುಂದೆ ನೋಡುವ ಕಣ್ಣು ಮುಚ್ಚಿತು. ಈ ವಾರ ಏನು ಮಾಡಬೇಕೆಂದು ಆದೇಶ ಹೊರಡಿಸುವ ಕೈ ನಿಲ್ಲಲಿಲ್ಲ. ಅದರಿಂದ ಏನಾಗುತ್ತದೆ ಎಂಬುದನ್ನು ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಕಡೆಯ ಕರಿಹೊಲಗಳಲ್ಲಿ ನಿಂತು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ದೇವಣಿಯ ಹೆಸರು ಕನ್ನಡಿಗರಿಗೆ ಗೊತ್ತಿರುವುದು ದನಗಳಿಂದ. ಅಚ್ಚ ಬಿಳಿಯ ಬಾಲಂಕ್ಯಾ, ಮುಖದಲ್ಲಿ ಕಪ್ಪಿರುವ ವಾನ್ನೇರಾ, ಮೈತುಂಬ ಕಪ್ಪು ಮಚ್ಚೆಯ ಶೇವೇರಾ ಎಂಬ ಮೂರು ಬಗೆಯ ದೇವಣಿ ಹಸು-ಎತ್ತುಗಳು ಲಾತೂರಿನಲ್ಲಿ ಎಷ್ಟು ಪರಿಚಿತವೋ ಬೀದರ್, ಕಲಬುರಗಿಗಳಲ್ಲೂ ಅಷ್ಟೇ ಪರಿಚಿತ. ಊರು ಇರುವುದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ. ಉತ್ತರಕ್ಕೆ ಉದಗೀರ, ಪಶ್ಚಿಮಕ್ಕೆ ನಿಲಂಗಾ, ಪೂರ್ವಕ್ಕೆ ನಮ್ಮ ಕಮಲನಗರ, ಆಗ್ನೇಯಕ್ಕೆ ಭಾಲ್ಕಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹಳೆಯ ದಸ್ತಾವೇಜಿನಲ್ಲಿ ಉರ್ದು ಇರುವ ಕುಟುಂಬಗಳು ಈ ಸೀಮೆಗೆ ಹೊಸತಲ್ಲ. ಎಳ್ಳಮವಾಸ್ಯೆಗೆ ಎರಡೂ ಕಡೆಯವರು ಎತ್ತಿನ ಗಾಡಿ ಕಟ್ಟಿಕೊಂಡೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲುತ್ತಾರೆ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಆ ಭಜ್ಜಿಗೆ ಬೀಳುವ ಹಸಿ ತೊಗರಿಕಾಳು ಪಕ್ಕದ ಸಾಲಿನಿಂದಲೇ ಬಿಡಿಸಿಕೊಂಡದ್ದು.

1956ರ ನವೆಂಬರ್ 1ರವರೆಗೆ ಉದಗೀರ ಮತ್ತು ನಿಲಂಗಾ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ದೇವಣಿ ಉದಗೀರದೊಳಗಿನ ಊರು. ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ಮುಂಬೈ ರಾಜ್ಯಕ್ಕೆ ಹೋದವು, ನಾರಾಯಣಖೇಡ ಮತ್ತು ಜಹೀರಾಬಾದಿನ ಕಡೆಯದು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಭಾಷೆಯ ಲೆಕ್ಕದಲ್ಲಿ ಈ ಹಂಚಿಕೆಯ ಚರ್ಚೆ ಇಂದಿಗೂ ನಡೆಯುತ್ತದೆ. ಪೇಟೆಯ ಲೆಕ್ಕದಲ್ಲಿ ಏನಾಯಿತು ಎಂಬುದನ್ನು ಕೇಳಿದವರು ಕಡಿಮೆ.

ಒಂದಾಗಿದ್ದ ಪೇಟೆ ಎರಡಾಯಿತು. ನಿಜಾಮರ ಹೈದರಾಬಾದ್ ಸಂಸ್ಥಾನ 1339ರ ಫಸಲಿಯಲ್ಲಿ, ಅಂದರೆ 1930ರ ಸುಮಾರಿಗೆ, ಕೃಷಿ ಮಾರುಕಟ್ಟೆಗಳಿಗೆಂದೇ ಕಾನೂನು ಮಾಡಿತ್ತು. ತೂಕ, ದಲ್ಲಾಳಿ, ಹಮಾಲಿ ಎಲ್ಲಕ್ಕೂ ಒಂದು ನಿಯಮ ಇರಬೇಕೆಂಬ ವಿಚಾರ ಆಗಲೇ ಬಂದಿತ್ತು. ಅದೇ ಸಂಸ್ಥಾನ ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈತರಿಂದ ಕಡ್ಡಾಯವಾಗಿ ಧಾನ್ಯ ಎತ್ತುವ ಲೇವಿಯನ್ನೂ ಹೇರಿತ್ತು. ಅದರ ಕಹಿ ಈ ಪ್ರಾಂತ್ಯದ ಹಳಬರ ಬಾಯಲ್ಲಿ ಬಹಳ ಕಾಲ ಉಳಿದಿತ್ತು. ಹೀಗೆ ರೈತನನ್ನು ಕಾಯುವ ಕಾನೂನು, ರೈತನಿಂದ ಕಿತ್ತುಕೊಳ್ಳುವ ಕಾನೂನು ಎರಡೂ ಒಂದೇ ಕಚೇರಿಯಿಂದ ಬರುವುದು ಸ್ವತಂತ್ರ ಭಾರತದಲ್ಲಿ ಶುರುವಾದದ್ದಲ್ಲ. 1956ರ ನಂತರ ಉದಗೀರದ ಮೋಂಢಾಕ್ಕೆ, ಅಂದರೆ ಕೃಷಿ ಮಾರುಕಟ್ಟೆಗೆ, ಮಹಾರಾಷ್ಟ್ರದ 1963ರ ಕಾಯ್ದೆ ಅನ್ವಯವಾಯಿತು, ಭಾಲ್ಕಿ-ಬೀದರಿನ ಗಂಜುಗಳಿಗೆ ಕರ್ನಾಟಕದ 1966ರ ಕಾಯ್ದೆ. ಬೇರೆ ಸೆಸ್ಸು, ಬೇರೆ ಪರವಾನಗಿ, ಬೇರೆ ಸಮಿತಿ. ಲಾತೂರ್ ರೋಡಿನಿಂದ ವಿಕಾರಾಬಾದಿಗೆ ಹೋಗುವ ರೈಲು ಮಾರ್ಗ ಮಾತ್ರ ಉದಗೀರ, ಕಮಲನಗರ, ಭಾಲ್ಕಿ, ಬೀದರ್‌ಗಳನ್ನು ಮೊದಲಿನಂತೆ ಒಂದೇ ಸಾಲಿನಲ್ಲಿ ಪೋಣಿಸಿಕೊಂಡಿದೆ.

ಗಡಿ ಬಿದ್ದ ವರ್ಷವೇ ದೇಶದ ಎರಡನೆಯ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಪಿ. ಸಿ. ಮಹಾಲನೋಬಿಸ್ ರೂಪಿಸಿದ ಆ ಯೋಜನೆಗೆ ಉಕ್ಕು, ಯಂತ್ರ, ವಿದ್ಯುತ್ತು ಮುಖ್ಯ. ಹಸಿವು ಎದುರಾದಾಗ, ಅಂದರೆ 1960ರ ದಶಕದ ಮಧ್ಯದ ಬರಗಾಲಗಳಲ್ಲಿ, ಯೋಜನೆ ದಿಕ್ಕು ಬದಲಿಸಿತು. 1965ರ ಜನವರಿಯಲ್ಲಿ ಭಾರತ ಆಹಾರ ನಿಗಮ ಮತ್ತು ಕೃಷಿ ಬೆಲೆ ಆಯೋಗ ಎರಡೂ ಹುಟ್ಟಿದವು. ಗೋಧಿ, ಭತ್ತಕ್ಕೆ ಹೊಸ ಬೀಜ, ನೀರು, ಗೊಬ್ಬರ, ಖಚಿತ ಖರೀದಿ ದೊರೆಯಿತು. ಪಂಜಾಬಿನ ರೈತ ಬಿತ್ತುವಾಗಲೇ ಬೆಳೆ ಯಾವ ಬೆಲೆಗೆ ಯಾರ ಗೋದಾಮಿಗೆ ಹೋಗುತ್ತದೆಂದು ತಿಳಿದಿದ್ದ. ಮಳೆ ನಂಬಿದ ದಖ್ಖನ್ನಿನ ತೊಗರಿಗೆ ಅಂಥ ಭರವಸೆ ಸಿಗಲಿಲ್ಲ. ಬೆಂಬಲ ಬೆಲೆ ಘೋಷಣೆಯಾಗುತ್ತಿತ್ತು, ಕೊಳ್ಳುವವರು ಬರುತ್ತಿರಲಿಲ್ಲ. ಫಲ ಏನಾಯಿತೆಂದರೆ, 1951ರಲ್ಲಿ ಭಾರತದ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 60 ಗ್ರಾಂ ಬೇಳೆಕಾಳು ಲಭ್ಯವಿದ್ದದ್ದು 2001ರ ಹೊತ್ತಿಗೆ ಅದರ ಅರ್ಧಕ್ಕೆ ಇಳಿಯಿತು. ಬಡವರ ತಾಟಿನಲ್ಲಿ ಅನ್ನ ಹೆಚ್ಚಿತು, ಬೇಳೆ ತೆಳುವಾಯಿತು.

ಆ ಕಾಲದ ಯೋಜನೆಯನ್ನು ಸಾರಾಸಗಟು ಹಳಿಯುವುದು ನ್ಯಾಯವಲ್ಲ. ತೊಗರಿಯ ಶತ್ರುಗಳಾದ ನೆಟೆ ರೋಗ, ಗೊಡ್ಡು ರೋಗಗಳ ಮೇಲೆ ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆ ಈ ಭಾಗವನ್ನು ಉಳಿಸಿದೆ. ಉಮರ್ಗಾ ದಾಟಿ ಹುಮನಾಬಾದ್, ಜಹೀರಾಬಾದ್ ಮೂಲಕ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಕೊನೆಯಲ್ಲಿ ಪಟಾನ್‌ಚೆರು ಇದೆ. ಅಲ್ಲಿನ ಇಕ್ರಿಸ್ಯಾಟ್ ಸಂಸ್ಥೆಯಿಂದ ಬಂದ, ನೆಟೆ ತಡೆಯುವ 'ಮಾರುತಿ' ತಳಿ 1986ರಲ್ಲಿ ಕರ್ನಾಟಕದ ರೈತರ ಕೈಸೇರಿತು. ಮರಾಠವಾಡದ ಬದನಾಪುರ ಸಂಶೋಧನಾ ಕೇಂದ್ರದ ಬಿಎಸ್‌ಎಂಆರ್ 736 ಗಡಿಯ ಎರಡೂ ಕಡೆ ಹೊಲ ತುಂಬಿತು. ಬೀಜಕ್ಕೆ ರಾಜ್ಯ ಗೊತ್ತಿಲ್ಲ. ಬೀಗರ ಮನೆಯಿಂದ ಬೀಗರ ಮನೆಗೆ ಅದು ದಾಟಿಹೋಗುತ್ತದೆ. ಹತ್ತು ಹದಿನೈದು ವರ್ಷ ಫಲ ಕಾಣದೆಯೂ ಹಣ ಹಾಕುವ ತಾಳ್ಮೆ ಯೋಜನೆಗೆ ಇತ್ತು, ಅದರಿಂದಲೇ ಇಂಥ ತಳಿಗಳು ಬಂದವು. 2007ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಮಿಷನ್ ಬಂದಾಗ, ಹನ್ನೊಂದನೆಯ ಯೋಜನೆಯ ಕೊನೆಗೆ 20 ಲಕ್ಷ ಟನ್ ಬೇಳೆಕಾಳು ಹೆಚ್ಚಿಸಬೇಕೆಂದು ಗುರಿ ಇಟ್ಟು ಕೆಲಸ ಮಾಡಲಾಯಿತು.

ಈಗ 2015ಕ್ಕೆ ಬರೋಣ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ದೇಶದ ತೊಗರಿ ಉತ್ಪಾದನೆ 2015–16ರಲ್ಲಿ ಸುಮಾರು 25.6 ಲಕ್ಷ ಟನ್‌ಗೆ ಇಳಿಯಿತು. ಆ ಅಕ್ಟೋಬರಿನಲ್ಲಿ ನಗರಗಳಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ದಸರಾ ದೀಪಾವಳಿಯ ಹೊತ್ತು. ಪತ್ರಿಕೆಗಳ ಮುಖಪುಟದಲ್ಲೆಲ್ಲ ಬೇಳೆಯೇ. 1955ರ ಅಗತ್ಯ ವಸ್ತುಗಳ ಕಾಯ್ದೆಯ ಅಡಿಯಲ್ಲಿ ದಾಸ್ತಾನಿಗೆ ಮಿತಿ ಹಾಕಿ ದಾಳಿಗಳು ನಡೆದವು. ವಶಪಡಿಸಿಕೊಂಡ ಸಾವಿರಾರು ಟನ್ ಬೇಳೆಕಾಳಿನಲ್ಲಿ ಅತಿ ದೊಡ್ಡ ಪಾಲು ಮಹಾರಾಷ್ಟ್ರದ್ದೇ ಆಗಿತ್ತು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದವಾಯಿತು: ವರ್ಷಕ್ಕೆ ಒಂದು ಲಕ್ಷ ಟನ್‌ನಿಂದ ಆರಂಭಿಸಿ ಐದು ವರ್ಷದಲ್ಲಿ ಎರಡು ಲಕ್ಷ ಟನ್‌ಗೆ ಬೇಳೆಕಾಳು ಆಮದು.

ರೈತರೂ ಸುಮ್ಮನಿರಲಿಲ್ಲ. ಬೆಲೆ ಏರಿದ್ದನ್ನು ಕಂಡರು, ಸರ್ಕಾರವೂ ತೊಗರಿ ಬಿತ್ತಿ ಎಂದಿತು, ಮಳೆಯೂ ಬಂತು. 2016–17ರಲ್ಲಿ ದೇಶದಲ್ಲಿ 48.7 ಲಕ್ಷ ಟನ್ ತೊಗರಿ ಬೆಳೆಯಿತು. ಹಿಂದಿನ ವರ್ಷಕ್ಕಿಂತ ಸುಮಾರು ಎರಡು ಪಟ್ಟು! ಅದರಲ್ಲಿ 20 ಲಕ್ಷ ಟನ್‌ನಷ್ಟು ಮಹಾರಾಷ್ಟ್ರ ಒಂದರಲ್ಲೇ. ದೇಶ ಕೇಳಿದ್ದನ್ನು ಈ ಒಣಭೂಮಿಯ ರೈತರು ಒಂದೇ ಹಂಗಾಮಿನಲ್ಲಿ ಕೊಟ್ಟರು. ಯಾವ ಯೋಜನಾ ದಾಖಲೆಯೂ ಇಂಥ ಜಿಗಿತವನ್ನು ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ಆದರೆ ಆಮದು ಮಾಡಿಕೊಂಡ ಕಾಳು ಬಂದರಿಗೆ ಬರುತ್ತಲೇ ಇತ್ತು. ದಾಸ್ತಾನಿನ ಮಿತಿ ಇದ್ದುದರಿಂದ ವ್ಯಾಪಾರಿ, ಮಿಲ್ಲಿನವರು ಬೇಕೆಂದರೂ ಹೆಚ್ಚು ಕೊಂಡು ಇಡುವಂತಿರಲಿಲ್ಲ. ಹೊರದೇಶಕ್ಕೆ ಕಳಿಸೋಣ ಎಂದರೆ ಬೇಳೆಕಾಳಿನ ರಫ್ತು 2006ರಿಂದಲೇ ನಿಷೇಧ. ಒಳಬರುವ ಬಾಗಿಲು ತೆರೆದು, ದಾಸ್ತಾನಿನ, ರಫ್ತಿನ ಎರಡೂ ಬಾಗಿಲು ಹಾಕಿದ ಪೇಟೆಯಲ್ಲಿ ಬೆಲೆ ಬೀಳದೆ ಇನ್ನೇನಾಗುತ್ತದೆ? ಆ ವರ್ಷದ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ. ಪೇಟೆಯ ಲಿಲಾವಿನಲ್ಲಿ ರೇಟು ಅದಕ್ಕಿಂತ ಎಷ್ಟೋ ಕೆಳಗೆ. ತೊಗರಿಯ ಆಮದಿಗೆ 10 ಶೇಕಡಾ ಸುಂಕ ಬಿದ್ದದ್ದು 2017ರ ಮಾರ್ಚ್‌ನಲ್ಲಿ. ಆಮದನ್ನು ವರ್ಷಕ್ಕೆ ಎರಡು ಲಕ್ಷ ಟನ್‌ಗೆ ಕಟ್ಟಿಹಾಕಿದ್ದು ಆಗಸ್ಟ್‌ನಲ್ಲಿ. ತೊಗರಿಯ ರಫ್ತು ತೆರೆದದ್ದು ಸೆಪ್ಟೆಂಬರ್‌ನಲ್ಲಿ. ದೇವಣಿ ಕಡೆ ತೊಗರಿ ರಾಶಿಯಾಗುವುದು ಡಿಸೆಂಬರ್-ಜನವರಿಯಲ್ಲಿ. ಸಾಲ ತೀರಿಸಬೇಕಾದವನು, ಮಗಳ ಮದುವೆ ಇದ್ದವನು ಫೆಬ್ರವರಿಯಲ್ಲೇ ಮಾರಿ ಮುಗಿಸಿರುತ್ತಾನೆ. ರೈತನನ್ನು ಉಳಿಸುವ ಆದೇಶಗಳೆಲ್ಲ ಅವನ ಕೈಯಿಂದ ಮಾಲು ಹೋದ ಮೇಲೆ ಬಂದವು.

ಹೀಗಾಗಬಹುದೆಂದು ಮೊದಲೇ ಹೇಳಿದವರಿದ್ದರು. ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ನೇತೃತ್ವದ ಸಮಿತಿ 2016ರ ಸೆಪ್ಟೆಂಬರಿನಲ್ಲೇ ವರದಿ ಕೊಟ್ಟಿತ್ತು. ಬೆಲೆ ಕುಸಿಯಲಿದೆ, ರಫ್ತಿನ ನಿಷೇಧವನ್ನೂ ದಾಸ್ತಾನಿನ ಮಿತಿಯನ್ನೂ ಕೂಡಲೇ ತೆಗೆಯಿರಿ, ಯುದ್ಧೋಪಾದಿಯಲ್ಲಿ ಖರೀದಿಗೆ ಸಿದ್ಧರಾಗಿ, 20 ಲಕ್ಷ ಟನ್ ಸರ್ಕಾರಿ ಸಂಗ್ರಹ ಕಟ್ಟಿ, 2017ರ ಮುಂಗಾರಿಗೆ ತೊಗರಿಯ ಬೆಂಬಲ ಬೆಲೆ 6,000 ರೂಪಾಯಿ ಮಾಡಿ ಎಂದಿತ್ತು. ತೊಗರಿ ಇನ್ನೂ ಹೂಬಿಡುವ ಮುನ್ನ ಬಂದ ಎಚ್ಚರಿಕೆ ಅದು. 2017ಕ್ಕೆ ಪ್ರಕಟವಾದ ಬೆಲೆ ಬೋನಸ್ ಸೇರಿ 5,450. ರಫ್ತಿನ ಬಾಗಿಲು ತೆರೆದದ್ದು ಯಾವಾಗ ಎಂಬುದನ್ನು ಮೇಲೆ ನೋಡಿದೆವು.

ದಿಲ್ಲಿ ಹೀಗೇಕೆ ನಡೆದುಕೊಳ್ಳುತ್ತದೆ? ಕೆಟ್ಟ ಮನಸ್ಸಿನಿಂದ ಎಂದು ನಾನು ನಂಬುವುದಿಲ್ಲ. ಬೇಳೆಯ ಬೆಲೆ ಪ್ರತಿದಿನ ಕಾಣುತ್ತದೆ. 2012ರ ಆಧಾರದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಬೇಳೆಕಾಳುಗಳ ತೂಕ 2.38 ಶೇಕಡಾ ಇತ್ತು, ಬೇಳೆ ದುಪ್ಪಟ್ಟಾದರೆ ಹಣದುಬ್ಬರದ ಅಂಕಿ ಕಣ್ಣಿಗೆ ಹೊಡೆಯುವಷ್ಟು ಏರುತ್ತದೆ. 2016ರಿಂದ ಆ ಅಂಕಿಯನ್ನು 4 ಶೇಕಡಾದ ಆಸುಪಾಸಿನಲ್ಲಿ ಇಡುವ ಹೊಣೆಯನ್ನು ಕಾನೂನೇ ರಿಸರ್ವ್ ಬ್ಯಾಂಕಿಗೆ ಹೊರಿಸಿದೆ. ಚಿಲ್ಲರೆ ಬೆಲೆ ಏರಿದ ಸುದ್ದಿ ಮಂತ್ರಾಲಯಕ್ಕೆ ಅಂದೇ ತಲುಪುತ್ತದೆ, ಮೋಂಢಾದಲ್ಲಿ ರೇಟು ಬಿದ್ದ ಸುದ್ದಿಗೆ ಅಂಥ ದಾರಿ ಇಲ್ಲ. ಇದರ ಜೊತೆಗೆ ಬೆಳೆಯ ಸ್ವಭಾವವೂ ಇದೆ. ತೊಗರಿ ಐದಾರು ತಿಂಗಳ ಬೆಳೆ. ಜೂನ್ ಕೊನೆಗೆ ಸೋಯಾದ ನಡುವೆಯೋ ಉದ್ದಿನ ನಡುವೆಯೋ ಅಕ್ಕಡಿ ಸಾಲಾಗಿ ಬಿತ್ತಿದರೆ ಕಾಳು ಕೈಗೆ ಬರಲು ಸಂಕ್ರಾಂತಿ ಹತ್ತಿರವಾಗಬೇಕು. ಆಫ್ರಿಕದ ತೊಗರಿ ಕೊಯ್ಲಾಗಿ ನಮ್ಮ ಬಂದರು ಮುಟ್ಟುವುದು ಆಗಸ್ಟ್‌ನಿಂದ ನವೆಂಬರ್ ನಡುವೆ, ಅಂದರೆ ನಮ್ಮ ಬೆಳೆ ಇನ್ನೂ ಹೊಲದಲ್ಲಿರುವಾಗ. ಬೆಲೆ ಏರಿದೆಯೆಂದು ಇವತ್ತು ತೆರೆದ ಆಮದಿನ ಪರಿಣಾಮ ಗ್ರಾಹಕನಿಗೆ ಮುಟ್ಟುವ ಹೊತ್ತಿಗೆ ರೈತನ ರಾಶಿಯೂ ಕಣದಲ್ಲಿರುತ್ತದೆ.

ನೂರು ಕಿಲೋ ತೊಗರಿ ಒಡೆದರೆ 65ರಿಂದ 70 ಕಿಲೋ ಬೇಳೆ. ಉಳಿದದ್ದು ನುಚ್ಚು, ಹೊಟ್ಟು. ಉದಗೀರ, ಲಾತೂರ್, ಸೊಲ್ಲಾಪುರ, ಕಲಬುರಗಿಗಳ ದಾಲ್ ಮಿಲ್ಲುಗಳು ನಡೆಯುವುದು ಈ ಲೆಕ್ಕದ ಮೇಲೆ. ಮಿಲ್ಲಿನವನು ಹಂಗಾಮಿನಲ್ಲಿ ಕೊಂಡು ಮಳೆಗಾಲದವರೆಗೂ ಒಡೆಯಬೇಕು. ಆ ನಡುವಿನ ದಾಸ್ತಾನು ಅವನ ಕಸುಬಿನ ಭಾಗ. ಅದನ್ನೇ ಕಾಳಸಂತೆ ಎಂದು ಕಾಣುವ ಕಾನೂನು ಜನವರಿಯಲ್ಲಿ ಅವನ ಕೈ ಕಟ್ಟುತ್ತದೆ. 2023ರ ಜೂನ್ 2ರ ಆದೇಶವನ್ನು ನೋಡಿ: ಸಗಟು ವ್ಯಾಪಾರಿ ತೊಗರಿ, ಉದ್ದು ತಲಾ 200 ಟನ್ ಮೀರಿ ಇಡುವಂತಿಲ್ಲ, ಚಿಲ್ಲರೆಯವನು 5 ಟನ್, ಮಿಲ್ಲಿನವರಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ 25 ಶೇಕಡಾ, ಎರಡರಲ್ಲಿ ಹೆಚ್ಚಿನದು. 2024ರ ಜೂನ್ 21ರಂದು ತೊಗರಿ ಮತ್ತು ಕಡಲೆಗೆ ಮತ್ತೊಮ್ಮೆ ಮಿತಿ ಬಂತು. ಕಳ್ಳ ದಾಸ್ತಾನುಗಾರರು ಇಲ್ಲವೆಂದು ಯಾರೂ ಹೇಳಲಾರರು. ಆದರೆ ಯಾವ ಆದೇಶ ಯಾವ ತಿಂಗಳು ಬರುತ್ತದೆಂದು ತಿಳಿಯದ ಮಿಲ್ಲಿನವನು ರೈತನ ಮಾಲಿಗೆ ರೇಟು ಕಟ್ಟುವಾಗ ಆ ಭಯವನ್ನೂ ಕಳೆದೇ ಕಟ್ಟುತ್ತಾನೆ.

ಮುಂದಿನ ಜನವರಿಯಲ್ಲಿ ತೊಗರಿಗೆ ಏನು ಬೆಲೆ ಬರಬಹುದು ಎಂದು ಜೂನ್‌ನಲ್ಲಿ ರೈತನಿಗೆ ಹೇಳಬಲ್ಲ ವ್ಯವಸ್ಥೆಗಳು ಲೋಕದಲ್ಲಿ ಎರಡು. ಒಂದು, ಇಷ್ಟು ಬೇಕು, ಇಷ್ಟನ್ನು ಈ ಬೆಲೆಗೆ ಕೊಳ್ಳುತ್ತೇವೆ ಎಂದು ಮುಂಚೆಯೇ ಮಾತುಕೊಟ್ಟು ಉಳಿಸಿಕೊಳ್ಳುವ ಯೋಜನೆ. ಇನ್ನೊಂದು, ಮುಂದಿನ ತಿಂಗಳುಗಳ ಬೆಲೆಯನ್ನು ಇಂದೇ ಕಟ್ಟುವ ವಾಯಿದೆ ಪೇಟೆ. ಯೋಜನೆಯ ಕಥೆ ಆಯಿತು. ತೊಗರಿಯ ವಾಯಿದೆ ವ್ಯಾಪಾರವನ್ನು 2007ರ ಜನವರಿಯಲ್ಲೇ ನಿಲ್ಲಿಸಲಾಗಿದೆ. ಸೋಯಾಬೀನ್, ಕಡಲೆ ಮುಂತಾದವುಗಳ ವಾಯಿದೆಗೆ 2021ರಲ್ಲಿ ತಡೆ ಬಿತ್ತು. ಹೀಗೆ ಎರಡೂ ಇಲ್ಲದ ಹೊಲದಲ್ಲಿ ರೈತನಿಗೆ ಗೊತ್ತಿರುವುದು ಕಳೆದ ವರ್ಷದ ಬೆಲೆ ಒಂದೇ. ಕಳೆದ ವರ್ಷ ಏರಿದ್ದರೆ ಎಲ್ಲರೂ ಬಿತ್ತುತ್ತಾರೆ, ಎಲ್ಲರ ಮಾಲೂ ಒಟ್ಟಿಗೆ ಬರುತ್ತದೆ. ಬಿದ್ದಿದ್ದರೆ ಎಲ್ಲರೂ ಬಿಡುತ್ತಾರೆ, ಮರುವರ್ಷ ನಗರ ಬೊಬ್ಬೆ ಹಾಕುತ್ತದೆ.

ಸೋಯಾದ ಕಥೆಯೂ ಇದೇ ಜಾಡಿನದು. ನೂರು ದಿನದೊಳಗೆ ಕೈಗೆ ಬರುವ, ಹಿಂಗಾರಿಯಲ್ಲಿ ಕಡಲೆಗೆ ಹೊಲ ಬಿಟ್ಟುಕೊಡುವ ಬೆಳೆಯೆಂದು ಲಾತೂರ್ ಜಿಲ್ಲೆ ಜೋಳ ಬಿಟ್ಟು ಸೋಯಾ ಹಿಡಿಯಿತು. 2021ರ ಬೇಸಿಗೆ-ಮಳೆಗಾಲದಲ್ಲಿ ಅದರ ಬೆಲೆ ಕ್ವಿಂಟಲ್‌ಗೆ ಹತ್ತು ಸಾವಿರದ ಹತ್ತಿರ ಹೋದಾಗ, ಕೋಳಿ ಸಾಕಣೆಯವರ ಬೇಡಿಕೆಗೆ ಮಣಿದು ಆಗಸ್ಟ್‌ನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ಕೊಡಲಾಯಿತು. ಹೊಸ ಫಸಲು ಬರುವ ಹೊತ್ತಿಗೆ ಬೆಲೆ ಅರ್ಧದ ಆಸುಪಾಸಿಗೆ ಇಳಿದಿತ್ತು. 2024ರಲ್ಲಿ ಬೆಂಬಲ ಬೆಲೆ 4,892 ಇದ್ದರೂ ಪೇಟೆ ಅದಕ್ಕಿಂತ ಕೆಳಗೇ ನಡೆಯಿತು. ಖರೀದಿ ಕೇಂದ್ರದಲ್ಲಿ ತೇವ 12 ಶೇಕಡಾ ಮೀರಬಾರದೆಂಬ ನಿಯಮದಿಂದ ಮಾಲು ತಿರಸ್ಕಾರವಾಗುತ್ತಿತ್ತು. ಅದನ್ನು 15ಕ್ಕೆ ಸಡಿಲಿಸಿದ್ದು ನವೆಂಬರ್ ಮಧ್ಯದಲ್ಲಿ, ರಾಜ್ಯದ ವಿಧಾನಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಮೊದಲು.

ಇಷ್ಟೂ ಇಡೀ ದೇಶಕ್ಕೆ ಅನ್ವಯವಾಗುವ ಮಾತು. ದೇವಣಿಯವರಿಗೆ ಇದರ ಮೇಲೆ ಗಡಿಯ ಇನ್ನೊಂದು ಹೊರೆ ಇದೆ. 2016–17ರಲ್ಲಿ ಕರ್ನಾಟಕ ಸರ್ಕಾರ ಕೇಂದ್ರದ 5,050ರ ಮೇಲೆ ತನ್ನದು 450 ರೂಪಾಯಿ ಸೇರಿಸಿ 5,500ಕ್ಕೆ ತೊಗರಿ ಕೊಂಡಿತು. 2024–25ರ ಹಂಗಾಮಿನಲ್ಲೂ ಹಾಗೆಯೇ 7,550ರ ಮೇಲೆ 450 ಸೇರಿಸಿ 8,000 ಕೊಟ್ಟಿತು. ಬದುವಿನ ಆಚೆಯ ಕಮಲನಗರದ ರೈತನಿಗೆ ಈ 450 ಇತ್ತು, ಈಚೆಯ ದೇವಣಿ ರೈತನಿಗೆ ಇರಲಿಲ್ಲ. ಹತ್ತು ಕ್ವಿಂಟಲ್ ಬೆಳೆದವನಿಗೆ 4,500 ರೂಪಾಯಿ. ಮುಂದಿನ ಬಿತ್ತನೆಗೆ ಬೀಜ, ಗೊಬ್ಬರದ ಒಂದು ಪಾಲು. ಒಂದೇ ಮಣ್ಣು, ಒಂದೇ ತಳಿ, ಒಂದೇ ಮಳೆ.

ಮಾಲನ್ನು ಆಚೆ ಒಯ್ದು ಮಾರಬಾರದೇ ಎಂದು ಕೇಳಬಹುದು. ಅಡತಿ ಅಂಗಡಿಗೆ ಒಯ್ಯಬಹುದು. ಅಲ್ಲಿ ಕಾಳು ನೋಡುತ್ತಾರೆ, ಊರು ಕೇಳುವುದಿಲ್ಲ. ಖರೀದಿ ಕೇಂದ್ರದಲ್ಲಿ ಮೊದಲು ಕಾಗದ ನೋಡುತ್ತಾರೆ. ಕರ್ನಾಟಕದಲ್ಲಿ ಪಹಣಿ ಮತ್ತು ಸರ್ಕಾರದ ರೈತರ ಪಟ್ಟಿಯಾದ ಫ್ರೂಟ್ಸ್‌ನಲ್ಲಿ ನೋಂದಣಿ ಬೇಕು. ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಎಂಬ ಜಮೀನಿನ ಉತಾರ ಬೇಕು, ಅದರಲ್ಲಿ ತೊಗರಿಯ ನಮೂದು ಇರಬೇಕು. ಈಗ ಆ ನಮೂದನ್ನು ರೈತನೇ ಹೊಲದಲ್ಲಿ ನಿಂತು ಮೊಬೈಲಿನ ಈ-ಪೀಕ್ ಪಾಹಣಿ ಎಂಬ ಆ್ಯಪಿನಲ್ಲಿ ಮಾಡಬೇಕು. ಸೋಯಾದ ನಡುವೆ ಅಕ್ಕಡಿಯಾಗಿ ಬಿತ್ತಿದ ತೊಗರಿ ನಮೂದಿನಲ್ಲಿ ಬಿಟ್ಟುಹೋದರೆ, ಕಣದಲ್ಲಿ ರಾಶಿ ಇದ್ದರೂ ಸರ್ಕಾರದ ಲೆಕ್ಕದಲ್ಲಿ ಆ ಹೊಲದಲ್ಲಿ ತೊಗರಿ ಬೆಳೆದೇ ಇಲ್ಲ. ಎರಡೂ ಕಡೆ ಜಮೀನಿರುವವರು, ಪಾಲಿಗೆ ಮಾಡುವವರು, ಹೆಂಗಸರ ಹೆಸರಿಗೆ ಪಟ್ಟಾ ಆಗದ ಮನೆಗಳು ಈ ಕಾಗದಗಳ ನಡುವೆ ಹೆಚ್ಚು ಒದ್ದಾಡುತ್ತವೆ.

ಹಿಂದುಳಿದಿರುವಿಕೆಗೆ ಮದ್ದೂ ಗಡಿಯ ಎರಡು ಕಡೆ ಎರಡು ಬಗೆಯದು. ಮಹಾರಾಷ್ಟ್ರಕ್ಕೆ ಸಂವಿಧಾನದ 371(2)ನೇ ವಿಧಿ ಇದೆ. ಅದರಂತೆ 1994ರಲ್ಲಿ ಮರಾಠವಾಡಕ್ಕೆ ಶಾಸನಬದ್ಧ ಅಭಿವೃದ್ಧಿ ಮಂಡಳಿ ಬಂತು. ಅದರ ಅವಧಿ 2020ರ ಏಪ್ರಿಲ್ 30ಕ್ಕೆ ಮುಗಿಯಿತು. ಕರ್ನಾಟಕದಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು, ಹೋರಾಟದ ಫಲವಾಗಿ 98ನೇ ತಿದ್ದುಪಡಿಯಿಂದ 371(ಜೆ) ಬಂತು, ಈಗ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ತೋರಿಸಲಾಗುತ್ತಿದೆ. ಭಾಲ್ಕಿಯ ಹುಡುಗನಿಗೆ ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಮೀಸಲು ಇದೆ. ಒಂದು ಕಾಲಕ್ಕೆ ಅದೇ ಜಿಲ್ಲೆಯಲ್ಲಿದ್ದ ದೇವಣಿಯ ಹುಡುಗನಿಗೆ ಅದು ಇಲ್ಲ. ಮಂಡಳಿಯ ಹಣ ಎಷ್ಟು ಚೆನ್ನಾಗಿ ಖರ್ಚಾಗುತ್ತದೆ ಎಂಬುದು ಬೇರೆ ಚರ್ಚೆ. ಗಡಿಯಾಚೆಯ ಕನ್ನಡಿಗರ ಬಗ್ಗೆ ಮಾತಾಡುವಾಗ ನಾವು ಶಾಲೆ ಮತ್ತು ಫಲಕಗಳ ಜೊತೆಗೆ ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

2016ರ ಪಾಠ ಕಲಿತಿದ್ದೇವೆಯೇ? 2022–23 ಮತ್ತು 2023–24ರಲ್ಲಿ ತೊಗರಿ ಉತ್ಪಾದನೆ 33–34 ಲಕ್ಷ ಟನ್‌ಗೆ ನಿಂತಿತು, 2024ರ ಆರಂಭದಲ್ಲಿ ಪೇಟೆ ಬೆಲೆ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿತು. 2021ರ ಮೇ ತಿಂಗಳಲ್ಲಿ ತೆರೆದ ಮುಕ್ತ ಆಮದನ್ನು ಮತ್ತೆ ಮತ್ತೆ ಮುಂದುವರಿಸಲಾಯಿತು. 2023ರ ಡಿಸೆಂಬರಿನಲ್ಲಿ ಹಳದಿ ಬಟಾಣಿಗೂ ಸುಂಕ ತೆಗೆಯಲಾಯಿತು; ಅಗ್ಗದ ಈ ಬಟಾಣಿ ಕಡಲೆಯ, ತೊಗರಿಯ ಜಾಗಕ್ಕೂ ನುಗ್ಗುತ್ತದೆ. 2024–25ರಲ್ಲಿ ದೇಶದ ಬೇಳೆಕಾಳಿನ ಆಮದು 70 ಲಕ್ಷ ಟನ್ ದಾಟಿ ದಾಖಲೆಯಾಯಿತು. 2025ರ ಆರಂಭದಲ್ಲಿ ಹೊಸ ತೊಗರಿ ಬಂದಾಗ ಅನೇಕ ಮಾರುಕಟ್ಟೆಗಳಲ್ಲಿ ರೇಟು 7,550ರ ಕೆಳಗಿತ್ತು. ವರ್ಷಗಳ ಅಂಕಿ ಬದಲಾಯಿಸಿದರೆ 2015ರ ಕಥೆಯೇ.

ಬೇಳೆ ಅಗ್ಗವಾಗಿರಲಿ ಎಂಬ ಆಸೆಯನ್ನು ಕೀಳಾಗಿ ಕಾಣಬಾರದು. ದೇವಣಿಯಲ್ಲೇ ಹೊಲವಿಲ್ಲದ ಕೂಲಿಕಾರರಿದ್ದಾರೆ. ತೊಗರಿ ಕೊಯ್ಯುವ ಹೆಣ್ಣುಮಗಳು ತೊಗರಿಬೇಳೆಯನ್ನು ಕಿರಾಣಿ ಅಂಗಡಿಯಿಂದ ಪಾವು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾಳೆ. ಅವಳ ಮಕ್ಕಳಿಗೆ ಸಿಗುವ ಮುಖ್ಯ ಪೌಷ್ಟಿಕ ಆಹಾರ ಅದೇ. ಬೆಲೆ 200ಕ್ಕೆ ಹೋದಾಗ ಸರ್ಕಾರ ಕೈಕಟ್ಟಿ ಕೂರಬೇಕೆಂದು ಹೇಳುವವನು ಅವಳ ಅಡುಗೆಮನೆ ಕಂಡವನಲ್ಲ. ಆದ್ದರಿಂದಲೇ ಸರ್ಕಾರದ ಬಳಿ ಸಂಗ್ರಹ ಇರಬೇಕು. ಬೆಲೆ ಬಿದ್ದಾಗ ಮೋಂಢಾದಿಂದ ಕೊಂಡು, ಏರಿದಾಗ ಪಡಿತರ ಅಂಗಡಿಯಲ್ಲಿ ಕೊಡುವಷ್ಟು ಸಂಗ್ರಹ. 2015ರ ಬೆಲೆ ಸ್ಥಿರೀಕರಣ ನಿಧಿಯಿಂದ ಈ ಕೆಲಸ ಶುರುವಾಗಿದೆ. ಅದು ಆಮದಿನ ಬಾಗಿಲು ತೆರೆದು ಮುಚ್ಚುವ ಆಟಕ್ಕೆ ಬದಲಿಯಾಗುವಷ್ಟು ಬೆಳೆದಿಲ್ಲ. ಆಮದು ಸುಂಕವನ್ನೂ ಮಂತ್ರಾಲಯದ ಆಯಾ ದಿನದ ಆತಂಕಕ್ಕೆ ಬಿಡದೆ ಬೆಂಬಲ ಬೆಲೆಗೆ ಕಟ್ಟಿಹಾಕಬಹುದು: ಬಂದರಿಗೆ ಬಂದ ತೊಗರಿ ಬೆಂಬಲ ಬೆಲೆಗಿಂತ ಅಗ್ಗವಾಗಿ ಒಳಗೆ ಬರದಂತೆ ಸುಂಕ, ಬೆಲೆ ಇಂತಿಷ್ಟು ಮೀರಿದರೆ ಸುಂಕ ತಾನಾಗಿ ಇಳಿಕೆ. ಈ ಸೂತ್ರ ಮೇ ತಿಂಗಳಲ್ಲೇ ಪ್ರಕಟವಾದರೆ ಮೊಜಾಂಬಿಕ್ಕಿನ ರೈತನಿಗೂ, ಉದಗೀರದ ಮಿಲ್ಲಿಗೂ, ದೇವಣಿಯ ಹೊಲಕ್ಕೂ ಒಂದೇ ವಿಷಯ ಒಂದೇ ದಿನ ತಿಳಿಯುತ್ತದೆ. ರಾಜ್ಯಗಳು ಬೋನಸ್ ಕೊಡುವುದಾದರೆ ಅದನ್ನೂ ರಾಶಿಯಾದ ಮೇಲೆ ಘೋಷಿಸದೆ ಬಿತ್ತನೆಗೆ ಮೊದಲೇ ಹೇಳಬೇಕು. ಗಡಿ ತಾಲ್ಲೂಕುಗಳ ಖರೀದಿ ಕೇಂದ್ರಗಳಲ್ಲಿ ಆಚೆಯ ರಾಜ್ಯದ ಭೂದಾಖಲೆಯನ್ನೂ ಒಪ್ಪಿ, ಕೇಂದ್ರದ ಬೆಂಬಲ ಬೆಲೆಯ ಮಟ್ಟಿಗಾದರೂ ಹತ್ತಿರದ ಕೇಂದ್ರದಲ್ಲಿ ಮಾರಲು ಬಿಡಬೇಕು. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಗೆ ಹಣ ಕೊಡುವುದು ಎರಡೂ ಕಡೆ ಕೇಂದ್ರ ಸರ್ಕಾರವೇ.

ಈಗ ದಿಲ್ಲಿ ಮತ್ತೆ ಹಲವು ವರ್ಷಗಳ ಮಾತು ಆಡಲು ಶುರುಮಾಡಿದೆ. 2024ರ ಜನವರಿಯಲ್ಲಿ ತೊಗರಿ ಬೆಳೆಗಾರರ ನೋಂದಣಿಗೆ ಈ-ಸಮೃದ್ಧಿ ಪೋರ್ಟಲ್ ಬಂತು. 2025ರ ಬಜೆಟ್ಟಿನಲ್ಲಿ ಘೋಷಣೆಯಾದ ಬೇಳೆಕಾಳು ಸ್ವಾವಲಂಬನೆ ಮಿಷನ್‌ಗೆ ಅಕ್ಟೋಬರ್ 11ರಂದು ಚಾಲನೆ ಸಿಕ್ಕಿತು. ಆರು ವರ್ಷ, 11,440 ಕೋಟಿ ರೂಪಾಯಿ. ತೊಗರಿ, ಉದ್ದು, ಮಸೂರವನ್ನು ನೋಂದಾಯಿತ ರೈತರಿಂದ ಬೆಂಬಲ ಬೆಲೆಗೆ ಎಷ್ಟು ತಂದರೂ ಕೊಳ್ಳುವ ಮಾತು 2028–29ರವರೆಗೆ ಇದೆ. ಹೆಸರು ಬೇರೆಯಾದರೂ ಇದು ಯೋಜನೆಯೇ, ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದೇ ವರ್ಷ ತೊಗರಿಯ ಸುಂಕರಹಿತ ಆಮದಿನ ಅವಧಿಯನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಲಾಗಿತ್ತು, ಅಂದರೆ ಮಿಷನ್ನಿನ ಮೊದಲ ಫಸಲು ಪೇಟೆಗೆ ಬಂದು ಮಾರಾಟವಾಗಿ ಮುಗಿಯುವವರೆಗೆ. ಒಂದು ಕಚೇರಿ 8,000 ರೂಪಾಯಿಯ ಬೆಂಬಲ ಬೆಲೆಗೆ ಕೊಳ್ಳುತ್ತೇನೆ ಎಂದು ಬಿತ್ತಿಸಿತು, ಇನ್ನೊಂದು ಅದೇ ಕಾಳಿಗೆ ಬಂದರಿನಲ್ಲಿ ಸುಂಕವಿಲ್ಲ ಎಂದಿತು. ಖರೀದಿ ಕೇಂದ್ರಗಳು ಜನವರಿಯ ಮೊದಲ ವಾರದಲ್ಲೇ ಬಾರದಾನ, ತೂಕದ ಕಾಂಟಾ, ಗೋದಾಮಿನ ಕೀಲಿ ಸಮೇತ ತೆರೆದಿದ್ದರೆ ಮೊದಲ ಕಚೇರಿಯ ಮಾತಿಗೆ ಬೆಲೆ ಉಳಿಯುತ್ತದೆ. ಫೆಬ್ರವರಿ ಕೊನೆಗೆ ತೆರೆದರೆ, ಆ ಹೊತ್ತಿಗೆ ಕೇಂದ್ರಕ್ಕೆ ಬರುವ ಚೀಲಗಳಲ್ಲಿ ಬಹಳಷ್ಟು ರೈತರಿಂದ ಕಡಿಮೆ ಬೆಲೆಗೆ ಕೊಂಡಿಟ್ಟ ವ್ಯಾಪಾರಿಯವೇ ಆಗಿರುತ್ತವೆ.